ಪಾಗೆಯ ಬಾಗಿಲ ನಾಲಬಂದ

ಇಬ್ರಾಹಿಮ ಎತ್ತಿನ ಕಾಲು ನೋಡುವ ಮೊದಲು ಎತ್ತು ಹಿಡಿದುಕೊಂಡು ಬಂದವನ ಮುಖ ನೋಡುತ್ತಾನೆ. ನನಗೆ ಮೀಸೆ ಮೂಡಿದಾಗಿನಿಂದ ಅವನ ಹತ್ತಿರ ಎತ್ತು ಒಯ್ಯುತ್ತಿದ್ದೇನೆ. ಈಗ ಮೀಸೆ ಬೆಳ್ಳಗಾಗುತ್ತ ಬಂದಿದೆ. ಇವತ್ತಿಗೂ ಅವನು ನನ್ನನ್ನು ಸಂತೆಯಲ್ಲಿ ಸಿಕ್ಕ ಹೊಸಬನ ಹಾಗೆ ನೋಡುತ್ತಾನೆ. ನನಗೆ ಸಿಟ್ಟು ಬರುವುದು ಅದಕ್ಕೇ.

"ಒದಿತೈತೇನ ದುಂಡೇಶ?"

"ಇಲ್ಲೋ ಮಾರಾಯ. ಆಕಳದಂಥಾ ಎತ್ತೈತಿ."

"ಎಲ್ಲಾರೂ ಹಂಗ ಅಂತಾರ. ಒದಿಯೂ ಎತ್ತು ಈ ಸೀಮ್ಯಾಗ ಒಂದೂ ಇಲ್ಲ. ನನ್ನ ಮೊಣಕಾಲ ತಾನಾಗೇ ಬಾತೈತಿ."

ಎತ್ತಿನ ಗೊರಸಿಗೆ ಕಬ್ಬಿಣದ ನಾಲು ಬಡಿಯುವವನಿಗೆ ನಮ್ಮ ಕಡೆ ನಾಲಬಂದ ಅನ್ನುತ್ತಾರೆ. ಟ್ರ್ಯಾಕ್ಟರು ಎಷ್ಟೇ ಬರಲಿ, ಕಾರ್ಖಾನೆಗೆ ಕಬ್ಬು ಹೊರುವ ಎತ್ತಿನ ಗಾಡಿ ಇನ್ನೂ ನಿಂತಿಲ್ಲ. ಡಾಂಬರು ರಸ್ತೆ ಗೊರಸನ್ನು ಅರ ಹಾಕಿದ ಹಾಗೆ ತಿನ್ನುತ್ತದೆ. ದೀಪಾವಳಿ ಮುಗಿದು ಕಾರ್ಖಾನೆಯ ಹೊಗೆ ಎದ್ದಿತೆಂದರೆ ಇಬ್ರಾಹಿಮನ ಮುಂದೆ ಗಾಡಿಗಳ ಸಾಲು. ನಮ್ಮದು ಅಕ್ಕೋಳದ ಆಚೆಯ ಸಣ್ಣ ಊರು, ಆದರೆ ಸುತ್ತಲಿನ ಊರವರೆಲ್ಲ ಇವನ ಹತ್ತಿರವೇ ಬರುತ್ತಾರೆ. ಇವನು ಬಡಿದ ನಾಲು ಹಂಗಾಮು ಮುಗಿಯುವವರೆಗೆ ಅಲುಗುವುದಿಲ್ಲ.

ನಂಬಿಕೆ ಅನ್ನುವುದು ಮಾತ್ರ ಅವನ ಹತ್ತಿರ ಸಿಗದ ಸಾಮಾನು. ನಿಪ್ಪಾಣಿಯಿಂದ ಮೊಳೆ ತಂದರೆ ಅಂಗಡಿಯವನ ಎದುರಿಗೇ ಒಂದನ್ನು ಮಣಿಸಿ ನೋಡುತ್ತಾನೆ. ಇಬ್ರಾಹಿಮ ಕೆಲಸಕ್ಕೆ ಕೂರುವ ಪಾಗೆಯ ಎದುರು ಚಹದ ಅಂಗಡಿ ಇಟ್ಟಿರುವ ಅಲ್ತಾಫ ಅವನ ಸೋದರತ್ತೆಯ ಮಗ. ಅವನು ಕೊಟ್ಟ ಚಹವನ್ನೂ ಬೆಳಕಿಗೆ ಹಿಡಿದು ನೋಡಿಯೇ ಕುಡಿಯುತ್ತಾನೆ. ಹೆಂಡತಿ ಶಹಜಾದಬಿ ಬೀಡಿ ಕಟ್ಟುತ್ತಾಳೆ, ಮಾತಿನಲ್ಲಿ ಗಂಡನಿಗಿಂತ ಚುರುಕು. ಒಮ್ಮೆ ನಮ್ಮೆಲ್ಲರ ಎದುರು ಹೇಳಿದಳು.

"ನಿಖಾದಾಗ ಖಾಜಿ ಮೂರು ಸಲ ಕೇಳ್ತಾರಲ್ರಿ, ಕಬೂಲ ಐತೇನಂತ. ಇವರು ತಿರುಗಿ ಖಾಜೀನ ಕೇಳಿದ್ರು, ಪರದೇದ ಹಿಂದ ಕುಂತಾಕಿ ನಾ ನೋಡಿದ್ದ ಹುಡುಗಿನ ಹೌದಲ್ಲ ಅಂತ."

"ಕೇಳಿದ್ರ ತಪ್ಪೇನ?" ಅಂದ ಇಬ್ರಾಹಿಮ. ಮುಖದಲ್ಲಿ ನಗು ಇರಲಿಲ್ಲ.

ಇಂಥವನು ಕೆಲಸಕ್ಕೆ ಆರಿಸಿಕೊಂಡ ಜಾಗವೂ ಅವನಿಗೆ ತಕ್ಕದ್ದೇ. ಪಾಗೆ ಅಂದರೆ ಕುದುರೆ ಲಾಯ. ಹಿಂದಿನ ಕಾಲದಲ್ಲಿ ಊರಿನ ಸರಕಾರರು, ಅಂದರೆ ಜಹಗೀರದಾರರು, ಕಟ್ಟಿಸಿದ್ದು. ಕಟ್ಟಡದ ಲೆಕ್ಕಾಚಾರ ನನಗೆ ಬಾರದು, ಕಂಡದ್ದನ್ನು ಹೇಳುತ್ತೇನೆ. ಕರಿಕಲ್ಲಿನ ನಾಲ್ಕು ಗೋಡೆ, ನಡುವೆ ಅಂಗಳ, ಮೂರು ಕಡೆ ಕುದುರೆ ನಿಲ್ಲುವ ಖಣಗಳ ಸಾಲು. ಸಾಗವಾನಿ ಕಂಬ, ಮೇಲೆ ನಾಡಹಂಚು. ಗೋಡೆಗೆ ಕಿಟಕಿ ಇಲ್ಲ. ಕುದುರೆಯ ಕಿವಿಗಿಂತ ಮೇಲೆ, ಕೈ ಹೊಗುವಷ್ಟು ಸಂದುಗಳನ್ನು ಬಿಟ್ಟಿದ್ದಾರೆ. ಗಾಳಿ ಬರಬೇಕು, ಕುದುರೆಗೆ ಹೊರಗಿನದು ಕಾಣಬಾರದು. ಮೇವು ಹಾಕುವ ಗೋದಲಿ ಒಂದೇ ಕಲ್ಲಿನಲ್ಲಿ ಕಡೆದದ್ದು. ಅದರ ಅಂಚು ಕುದುರೆಗಳು ಕತ್ತು ತಿಕ್ಕಿ ತಿಕ್ಕಿ ಗಾಜಿನ ಹಾಗೆ ನುಣುಪಾಗಿದೆ. ನೆಲ ಹಿಂಗಾಲಿನ ಕಡೆ ಸ್ವಲ್ಪ ಇಳಿಜಾರು. ಎಷ್ಟೇ ನೀರು ಸುರಿದರೂ ನಿಲ್ಲದೆ ಗಟಾರಕ್ಕೆ ಹೋಗುತ್ತದೆ.

ಆದರೆ ನೋಡಬೇಕಾದದ್ದು ಬಾಗಿಲು. ಪಟಕಾ ಸುತ್ತಿದ ಸವಾರ ತಲೆ ಬಗ್ಗಿಸದೆ ಬರುವಷ್ಟು ಎತ್ತರದ ಕಮಾನು. ಹೊಸ್ತಿಲು ಇಲ್ಲ, ಗೊರಸು ಎಡವುತ್ತದೆ ಅಂತ. ಅದರ ಬದಲು ಹಾಸುಗಲ್ಲಿನ ಮೇಲೆ ಉಳಿಯಿಂದ ಗೆರೆ ಹೊಡೆದಿದ್ದಾರೆ, ನಾಲು ಜಾರಬಾರದಲ್ಲ. ಬಾಗಿಲ ಎರಡೂ ಮಗ್ಗುಲಿನ ಕಲ್ಲು ಆಳಿನ ಎದೆಮಟ್ಟದವರೆಗೆ ದುಂಡಗಿದೆ, ಅದರ ಮೇಲೆ ಚೂಪು ಮೂಲೆ. ಒಳಗೆ ನುಗ್ಗುವ ಕುದುರೆಯ ಹೊಟ್ಟೆ ತರಚದಿರಲಿ ಅಂತ ಮಾಡಿದ್ದು. ದೊಡ್ಡ ಕದದೊಳಗೆ ಇನ್ನೊಂದು ಸಣ್ಣ ಕದ, ದಿಂಡಿ ಬಾಗಿಲು. ಅದರಲ್ಲಿ ಬರುವವನು ಮೊದಲು ತಲೆ ಒಳಗೆ ಹಾಕಬೇಕು. ಅವನಿಗೆ ಒಳಗಿನದು ಕಾಣುವ ಮೊದಲು ಒಳಗಿನ ಪಹರೆಯವನಿಗೆ ಅವನ ಕುತ್ತಿಗೆ ಕಾಣುತ್ತದೆ. ಕಮಾನು ದಾಟಿದರೆ ಎದುರಿಗೆ ಗೋಡೆ. ಬಲಕ್ಕೆ ಹೊರಳಿದರೆ ಮಾತ್ರ ಅಂಗಳ. ಬೆದರಿದ ಕುದುರೆ ನೆಟ್ಟಗೆ ಹೊರಗೆ ಓಡುವ ಹಾಗಿಲ್ಲ, ಕದ್ದವನೂ ಓಡಿಸುವ ಹಾಗಿಲ್ಲ. ಇದನ್ನು ಕಟ್ಟಿದವನು ಯಾರೋ ಗೊತ್ತಿಲ್ಲ. ಅವನು ಮನುಷ್ಯರನ್ನಾಗಲಿ ಕುದುರೆಯನ್ನಾಗಲಿ ನಂಬಿದವನಲ್ಲ ಅನ್ನುವುದು ಮಾತ್ರ ಖಾತ್ರಿ.

ಕಮಾನಿನ ಎಡಬಲಕ್ಕೆ ಒಂದೊಂದು ಕಲ್ಲಿನ ಕಮಲ. ಎಡದ್ದು ಪೂರ್ತಿ ಅರಳಿದೆ, ಬಲದ್ದರ ಅರ್ಧ ಎಸಳು ಬರೀ ಗೀರಿನಲ್ಲೇ ನಿಂತಿದೆ. ಕಲ್ಲುಕುಟಿಗ ಸತ್ತುಹೋದ ಅಂತ ಊರು ಹೇಳುತ್ತದೆ. ಇಬ್ರಾಹಿಮ ಒಪ್ಪುವುದಿಲ್ಲ. "ಬೇಕಂತನ ಬಿಟ್ಟಾನ. ಪೂರಾ ಮಾಡಿದ್ರ ಮತ್ತ ಯಾರು ಕರೀತಾರ?"

ಸರಕಾರರ ಮನೆತನ ಕೊಲ್ಲಾಪುರಕ್ಕೆ ಹೋದ ಮೇಲೆ ಪಾಗೆಯನ್ನು ವಿರುಪಾಕ್ಷಪ್ಪನವರ ತಂದೆ ಕೊಂಡರು. ವಿರುಪಾಕ್ಷಪ್ಪನವರಿಗೆ ಕಬ್ಬು ಇದೆ, ಅಥಣಿ ಕಡೆ ದ್ರಾಕ್ಷಿ ತೋಟ ಇದೆ. ಪಾಗೆಯೊಳಗೆ ಈಗ ಗೊಬ್ಬರದ ಚೀಲ, ಹನಿ ನೀರಾವರಿಯ ಪೈಪು. ಇಬ್ರಾಹಿಮನ ಅಜ್ಜ ಇದೇ ಪಾಗೆಯ ಕುದುರೆಗಳಿಗೆ ನಾಲು ಬಡಿದವನು. ಕುದುರೆ ಹೋದವು, ಎತ್ತು ಬಂದವು, ಮೊಮ್ಮಗ ಕಮಾನಿನ ಕೆಳಗೇ ಉಳಿದ. ಅದಕ್ಕೆ ಕಾಗದ ಇಲ್ಲ, ಪತ್ರ ಇಲ್ಲ. ವಿರುಪಾಕ್ಷಪ್ಪನವರು ಏಳು ಅಂದರೆ ಏಳಬೇಕು.

ಅವನು ಅಲ್ಲಿ ಕೂರುವುದು ನೆರಳಿಗೆ ಮಾತ್ರ ಅಲ್ಲ, ಬಳೆಗೋಸ್ಕರ. ಕಮಾನಿನ ಎಡಗಾಲಿನ ಕಲ್ಲಿಗೆ ಸೀಸ ಹುಯ್ದು ಕೂರಿಸಿದ ಒಂದು ದಪ್ಪ ಕಬ್ಬಿಣದ ಬಳೆ ಇತ್ತು. ಬಂದ ಸವಾರರು ಕುದುರೆ ಕಟ್ಟಲಿಕ್ಕೆ ಮಾಡಿಸಿದ್ದು. ಎತ್ತಿಗೆ ನಾಲು ಬಡಿಯಬೇಕಾದರೆ ಹಗ್ಗ ಹಾಕಿ ಕೆಡವಬೇಕು, ನಾಲ್ಕೂ ಕಾಲು ಒಟ್ಟಿಗೆ ಕಟ್ಟಬೇಕು. ಹಗ್ಗದ ತುದಿ ಹಿಡಿಯಲು ಎಲ್ಲ ಕಡೆ ಇಬ್ಬರು ಆಳು ಬೇಕು. ಇಬ್ರಾಹಿಮ ಒಬ್ಬನೇ ಮಾಡುತ್ತಿದ್ದ. ಹಗ್ಗವನ್ನು ಬಳೆಯಲ್ಲಿ ತೂರಿಸಿ ಜಗ್ಗಿ ಬಿಗಿದು ಗಂಟು ಹಾಕಿದರೆ ಮುಗಿಯಿತು. ಹರೆಯದಲ್ಲಿ ಹಗ್ಗ ಹಿಡಿದಿದ್ದ ಯಾವನೋ ಬೀಡಿ ಹಚ್ಚಲು ಕೈ ಬಿಟ್ಟಿದ್ದನಂತೆ. ಎತ್ತು ಎದ್ದು ಒದ್ದು ಇವನ ಪಕ್ಕೆಲುಬು ಮುರಿಯಿತು. ಅಂದಿನಿಂದ ಮನುಷ್ಯರ ಕೈಗೆ ಹಗ್ಗ ಕೊಟ್ಟಿಲ್ಲ.

"ಬಳಿ ಬೀಡಿ ಸೇದೂದಿಲ್ಲ," ಅನ್ನುತ್ತಿದ್ದ.

ಹೋದ ಹಂಗಾಮಿನ ಆರಂಭದಲ್ಲಿ ಒಂದು ದಿನ ವಿರುಪಾಕ್ಷಪ್ಪನವರು ಗೊಬ್ಬರ ನೋಡಲು ಬಂದರು. ಕಮಾನಿನ ಕೆಳಗೆ ನಿಂತಾಗ ಅವರ ಬಿಳಿ ಅಂಗಿಯ ಹೆಗಲ ಮೇಲೆ ಸುಣ್ಣದ ಪುಡಿ ಬಿತ್ತು. ತಲೆ ಎತ್ತಿ ನೋಡಿದರು. ಬಳೆಯ ಕಲ್ಲಿನ ಮೇಲಿನಿಂದ ಕಮಾನಿನ ಮಧ್ಯದವರೆಗೆ ಒಂದು ಬಿರುಕು ಹೊರಟಿತ್ತು.

"ಇಬ್ರಾಹಿಮ, ಇದು ಯಾವಾಗಿಂದ?"

"ನಾ ಕೆಳಗ ನೋಡಿ ಕೆಲಸ ಮಾಡಾಂವರಿ. ಮ್ಯಾಲಿಂದು ನನಗೇನ ಗೊತ್ತು?"

"ಹಂಗಾಮ ಮುಗೀಲಿ. ಇದನ್ನ ಇಳಿಸಿ ಲೋಖಂಡಿ ಗೇಟ ಹಚ್ಚತೇನಿ. ನಾಳೆ ಯಾರದರ ತಲಿ ಮ್ಯಾಲೆ ಬಿದ್ರ ನಾ ಕೋರ್ಟ ಕಟ್ಟಿ ಏರಬೇಕಾಕ್ಕೈತಿ."

ಅವರು ಹೋದ ಮೇಲೆ ಇಬ್ರಾಹಿಮ ಸುತ್ತಿಗೆ ಕೆಳಗಿಟ್ಟು ಬಹಳ ಹೊತ್ತು ಕಮಾನು ನೋಡಿದ. ಆಮೇಲೆ ನನ್ನನ್ನು ಹತ್ತಿರ ಕರೆದ.

"ಇದು ತಾನಾಗೇ ಆಗಿದ್ದಲ್ಲ ದುಂಡೇಶ. ಇಷ್ಟು ವರ್ಷ ನಿಂತ ಕಮಾನ ಈಗ್ಯಾಕ ಬಿರೀತೈತಿ? ಯಾರೋ ಬಿರಿಸಾಕತ್ತಾರ."

"ಯಾರಿಗೆ ಬೇಕಾಗೇತಿ?"

"ಟ್ರಾಲಿ ಒಳಗ ಹೋಗೂದಿಲ್ಲಲ್ಲ. ಗೊಬ್ಬರ ಹೊರಗ ಇಳಿಸಿ ಆಳು ಹೊರಬೇಕು. ಕಮಾನ ಬಿದ್ರ ಯಾರಿಗೆ ಸುಖ, ಲೆಕ್ಕಾ ಹಾಕು."

ಅವನ ಮಾತಿನಲ್ಲಿ ಅರ್ಥ ಇಲ್ಲ ಅನ್ನಲು ನನಗೂ ಆಗಲಿಲ್ಲ.

ಮರುದಿನದಿಂದ ಶುರುವಾಯಿತು ಅವನ ಪಹರೆ. ಹೆಂಡತಿಯ ಬುಟ್ಟಿಯಿಂದ ಒಂದು ಬೀಡಿ ಎಲೆ ತಂದ. ಗೋದಲಿಯ ಹತ್ತಿರವಿದ್ದ ಏಣಿ ಹಚ್ಚಿ ಏರಿ, ಬಿರುಕಿನ ಎರಡೂ ದಡಕ್ಕೆ ಮೈದಾ ಅಂಟಿನಿಂದ ಆ ಎಲೆ ಅಂಟಿಸಿದ. ಒಣಗಿದ ಬೀಡಿ ಎಲೆ ಕೂದಲಷ್ಟು ಎಳೆತಕ್ಕೂ ಹರಿಯುತ್ತದೆ. ಕಲ್ಲು ಯಾರಾದರೂ ಅಲುಗಿಸಿದರೆ ಎಲೆ ಸಾಕ್ಷಿ ಹೇಳಬೇಕು. ಸಂಜೆ ನೋಡಿದರೆ ಎಲೆ ಹರಿದಿತ್ತು. ಹೊಸದು ಅಂಟಿಸಿದ. ಬೆಳಿಗ್ಗೆ ನೋಡಿದರೆ ಗಟ್ಟಿಯಾಗಿತ್ತು, ಸಂಜೆಗೆ ಮತ್ತೆ ಹರಿದಿತ್ತು.

"ಹಗಲ ಹೊತ್ತು ಬರಾಂವ," ಅಂದ. "ನನ್ನ ಕಣ್ಣ ಮುಂದ ಮಾಡಾಕತ್ತಾನ. ಎಷ್ಟು ಸೊಕ್ಕಿರಬೇಕು."

ಹೀಗೆ ಕೆಲವು ದಿನ ಕಳೆದವು. ಆಮೇಲೆ ಅವನಿಗೆ ಇನ್ನೊಂದು ಗುರುತು ಸಿಕ್ಕಿತು. ಶುಕ್ರವಾರ ಮಾತ್ರ ಎಲೆ ಹರಿಯುವುದಿಲ್ಲ. ಶುಕ್ರವಾರ ಇವನು ಕೆಲಸ ಮಾಡುವುದಿಲ್ಲ, ನಮಾಜಿಗೆ ಹೋಗುತ್ತಾನೆ. ಅದರಿಂದ ಅವನಿಗೆ ಹೊಳೆದದ್ದೇ ಬೇರೆ. ಸೀದಾ ಅಲ್ತಾಫನ ಅಂಗಡಿಗೆ ಬಂದು ಬೆಂಚಿನ ಮೇಲೆ ಕುಳಿತ.

"ಶುಕ್ರವಾರ ಹರಿಯೂದಿಲ್ಲ. ಅಂದ್ರ ಶುಕ್ರವಾರ ಕೆಲಸ ಬಿಡೂ ಮನಷ್ಯಾ ಇರಬೇಕು. ನೀನೂ ಶುಕ್ರವಾರ ಅಂಗಡಿ ಬಾಗಿಲಾ ಹಾಕ್ತಿ, ಹೌದಿಲ್ಲೊ?"

ಅಲ್ತಾಫ ಚಹ ಸೋಸುತ್ತಲೇ ಹೇಳಿದ. "ಭಾಯಿ, ಚಾಕ್ಕ ಸಕ್ಕರಿ ಹಾಕಾಕ ನನಗ ಪುರಸೊತ್ತಿಲ್ಲ, ಕಮಾನ ಯಾವಾಗ ಕೆಡವಲಿ? ನಮ್ಮ ಮಸೀದ್ಯಾಗ ಇರೂ ಎಲ್ಲಾರ್ನೂ ಹಿಡೀರಿ ಹಂಗಾದ್ರ. ಮೊದಲ ಇಮಾಮರ್ನ ಹಿಡೀರಿ, ಅವರಂತೂ ಶುಕ್ರವಾರ ತಪ್ಪಿಸೂದಿಲ್ಲ."

ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಇಬ್ರಾಹಿಮ ನನ್ನ ಕಡೆ ತಿರುಗಿದ. "ನೀ ಯಾಕ ನಗ್ತಿ? ನಿನಗೇನರ ಗೊತ್ತೈತೇನ?"

ಆ ಮಾತಿಗೆ ನನ್ನ ತಲೆ ಕಾದಿತು. ಎದ್ದು ನಿಂತು ಬಾಯಿಗೆ ಬಂದದ್ದು ಬೈದೆ. ಮನೆಗೆ ಹೋಗುವ ದಾರಿಯುದ್ದಕ್ಕೂ ಬೈದೆ. ಇನ್ನು ಮೇಲೆ ನಿಪ್ಪಾಣಿಗೆ ಹೋಗಿ ನಾಲು ಬಡಿಸುತ್ತೇನೆ, ಇವನ ಮುಖ ನೋಡುವುದಿಲ್ಲ ಅಂತ ಹೆಂಡತಿಯ ಎದುರು ಹೇಳಿದೆ. ಅವಳು ಹೂಂ ಅಂದಳು, ನಂಬಲಿಲ್ಲ.

ಅಷ್ಟರಲ್ಲಿ ಅನುಮಾನ ಮಾಳೇಶನ ಮೇಲೆ ಬಂತು. ಮಾಳೇಶ ವಿರುಪಾಕ್ಷಪ್ಪನವರ ಟ್ರ್ಯಾಕ್ಟರಿನ ಚಾಲಕ, ಪಾಲಬಾವಿಯವನು, ಹೆಂಡತಿ ಮಕ್ಕಳ ಜೊತೆ ನಮ್ಮೂರಲ್ಲೇ ಬಿಡಾರ. ಒಂದು ವಾರ ಇಬ್ರಾಹಿಮ ರಾಯಬಾಗಕ್ಕೆ ನಂಟರ ಮದುವೆಗೆ ಹೋದ. ಅದೇ ವಾರ ಮಾಳೇಶನ ಟ್ರ್ಯಾಕ್ಟರು ರಿಪೇರಿಗೆ ಚಿಕ್ಕೋಡಿಯಲ್ಲಿ ನಿಂತಿತ್ತು. ಮದುವೆಯಿಂದ ಬಂದು ನೋಡಿದರೆ ಎಲೆ ಅಂಟಿಸಿದ ಹಾಗೇ ಇದೆ. ಇಬ್ರಾಹಿಮನಿಗೆ ಇನ್ನೇನು ಬೇಕು. ಅಲ್ತಾಫನ ಅಂಗಡಿಯ ಮುಂದೆ, ವಿರುಪಾಕ್ಷಪ್ಪನವರು ಕುಳಿತಾಗಲೇ ಹೇಳಿಬಿಟ್ಟ.

"ಟ್ರ್ಯಾಕ್ಟರ ಇಲ್ಲ, ಎಲಿ ಹರೀಲಿಲ್ಲ. ಟ್ರ್ಯಾಕ್ಟರ ಬಂತು, ನಿನ್ನೆ ಸಂಜಿಗೇ ಹರೀತು. ಟ್ರಾಲಿ ಹಿಂದ ತಗೊಳ್ಳೂವಾಗ ಕಮಾನಿಗೆ ತಾಗಸ್ತಾನ. ಗೊಬ್ಬರ ಹೊರೂದು ತಪ್ಪಲಿ ಅಂತ."

ಮಾಳೇಶನ ಕೈಯಲ್ಲಿದ್ದ ಬಟ್ಟಲು ಅಲ್ಲೇ ನಿಂತಿತು. "ದೇವಾ ಶಪಥ, ಯಜಮಾನ್ರ. ನನ್ನ ಟ್ರಾಲಿಗೆ ಹೊಸಾ ಕೆಂಪು ಬಣ್ಣಾ ಹೊಡಸೇವಿ. ಕಲ್ಲಿಗೆ ತಾಗಿದ್ರ ಬಣ್ಣ ಹತ್ತಿರಬೇಕಲ್ಲ. ಹೋಗಿ ನೋಡ್ರಿ."

"ಒರಸಿರತೀ," ಅಂದ ಇಬ್ರಾಹಿಮ.

"ಒರಸಾಕ ಏಣಿ ಏರಬೇಕು. ನೀ ದಿನಾ ಅಲ್ಲೇ ಕುಂದರ್ತಿ ಕಾಕಾ. ನಾ ಏಣಿ ಏರಿದ್ದು ನಿನಗ ಕಂಡಿಲ್ಲೇನ?"

ವಿರುಪಾಕ್ಷಪ್ಪನವರು ಇಬ್ಬರನ್ನೂ ನೋಡಿದರು. ಅವರೂ ಸುಲಭಕ್ಕೆ ನಂಬುವ ಪೈಕಿ ಅಲ್ಲ. "ಯಾರು ಮಾಡಿದ್ರೂ ಕಮಾನ ಇಳಸೂದು ಇಳಸೂದ. ಆದ್ರ ಮಾಳೇಶ, ನೀ ಮಾಡೀದಿ ಅಂತ ಆತಂದ್ರ ಟ್ರ್ಯಾಕ್ಟರಿನ ಚಾವಿ ಇಟ್ಟು ನಿಮ್ಮೂರ ದಾರಿ ಹಿಡಿ. ಸಂಕ್ರಾಂತಿ ತನಕ ನೋಡ್ತೇನಿ." ಅಷ್ಟು ಹೇಳಿ ಎದ್ದು ಹೋದರು. ಮಾಳೇಶ ಅರ್ಧ ಚಹ ಬಿಟ್ಟು ಹೋದ. ಅಂದಿನಿಂದ ಅವನು ಪಾಗೆಯಿಂದ ದೂರ, ರಸ್ತೆಯ ಆಚೆ ಟ್ರಾಲಿ ನಿಲ್ಲಿಸತೊಡಗಿದ. ಆದರೂ ಎಲೆ ಹರಿಯಿತು. ದೂರದಿಂದಲೇ ಏನೋ ಮಾಡುತ್ತಾನೆ ಅಂದ ಇಬ್ರಾಹಿಮ.

ನನ್ನ ಎಡಗಡೆಯ ಎತ್ತು ಅದೇ ದಿನಗಳಲ್ಲಿ ಕುಂಟಲು ಶುರು ಮಾಡಿತು. ಕಾರ್ಖಾನೆಗೆ ಗಾಡಿ ಹೂಡಬೇಕು, ನಿಪ್ಪಾಣಿಗೆ ನಡೆಸಿಕೊಂಡು ಹೋಗಲು ಆಗದು. ಮುಖ ಗಂಟು ಹಾಕಿಕೊಂಡು ಪಾಗೆಗೆ ಹೋದೆ. ಆ ದಿನ ನಾಲು ಬಡಿಯಲು ಕುಳಿತವನು ಇಬ್ರಾಹಿಮ ಅಲ್ಲ, ಅವನ ಹೆಂಡತಿಯ ತಮ್ಮ ಇಸ್ರಾರ. ಅಥಣಿಯಲ್ಲಿ ಅವನದೂ ಇದೇ ಕಸುಬು. ಇಬ್ರಾಹಿಮ ಅವನನ್ನು ಕರೆಸಿ ಕೆಲಸಕ್ಕೆ ಹಚ್ಚಿ, ತಾನು ಎದುರಿನ ಕಟ್ಟೆಯ ಮೇಲೆ ಕುಳಿತು ಒಂದು ಕಣ್ಣು ಎಲೆಯ ಮೇಲೆ, ಇನ್ನೊಂದು ರಸ್ತೆಯ ಮೇಲೆ ಇಟ್ಟಿದ್ದ.

"ನೋಡ್ರಿ ದುಂಡೇಶಣ್ಣ," ಅಂದ ಇಸ್ರಾರ. "ಬೀಗನ್ನ ಕೆಲಸಕ್ಕ ಹಚ್ಚಿ ಭಾವ ಮದಮಗನಂಗ ಕುಂತಾರ."

"ನಿನ್ನ ಕೆಲಸ ನೋಡು," ಅಂದ ಇಬ್ರಾಹಿಮ.

ಇಸ್ರಾರ ಎತ್ತಿಗೆ ಹಗ್ಗ ಸುತ್ತಿದ, ತುದಿಯನ್ನು ಬಳೆಯಲ್ಲಿ ತೂರಿಸಿದ. ನಾನು ಕೋಡು ಹಿಡಿದೆ. ಅವನು ಜಗ್ಗಿದ. ಎತ್ತು ಮೊದಲು ಮೊಣಕಾಲೂರಿ, ಆಮೇಲೆ ಧೊಪ್ಪನೆ ಮಗ್ಗುಲಾಯಿತು. ಎರಡು ಕಾಲಿಗೆ ನಾಲು ಬಡಿದಾಗಿತ್ತು. ಬಿದ್ದ ಎತ್ತು ಎಷ್ಟು ಹೊತ್ತು ಸುಮ್ಮನಿರುತ್ತದೆ. ಮೈಯೆಲ್ಲ ಝಾಡಿಸಿ ಒಮ್ಮೆ ಹಗ್ಗ ಎಳೆಯಿತು.

"ತಡಿ," ಅಂದ ಇಬ್ರಾಹಿಮ.

ಎದ್ದು ನಿಂತಿದ್ದ. ಎಲೆ ಹರಿದಿತ್ತು. ಅವನು ರಸ್ತೆ ನೋಡಿದ, ಟ್ರ್ಯಾಕ್ಟರು ಇರಲಿಲ್ಲ. ಅಲ್ತಾಫನನ್ನು ನೋಡಿದ, ಅಲ್ತಾಫ ಒಲೆ ಊದುತ್ತಿದ್ದ. ನನ್ನ ಕೈ ನೋಡಿದ. ಎರಡೂ ಕೈ ಕೋಡಿನ ಮೇಲಿದ್ದವು. ಆಮೇಲೆ ಹಗ್ಗವನ್ನು ನೋಡಿದ. ಎತ್ತಿನ ಮೈಯಿಂದ ಬಳೆಯವರೆಗೆ ಹಗ್ಗ ತಂತಿಯ ಹಾಗೆ ಬಿಗಿದಿತ್ತು.

"ಇಸ್ರಾರ, ಸಡ್ಲ ಬಿಡು."

ಸಡಿಲ ಬಿಟ್ಟ. ಬಳೆಯ ಕಲ್ಲು ಒಳಗೆ ಸರಿಯಿತು. ಸರಿಯಿತು ಅಂದರೆ ಎಷ್ಟು, ಅಕ್ಕಿಕಾಳಿನ ದಪ್ಪದಷ್ಟೂ ಇಲ್ಲ. ಆದರೆ ಮೇಲಿನ ಬಿರುಕಿನ ಬಾಯಿ ಮುಚ್ಚಿದ್ದು ನನಗೂ ಕಂಡಿತು.

"ಜಗ್ಗು."

ಜಗ್ಗಿದ. ಬಿರುಕು ತೆರೆಯಿತು. ಸುಣ್ಣದ ಪುಡಿ ನನ್ನ ಎತ್ತಿನ ಕಿವಿಯ ಮೇಲೆ ಉದುರಿತು.

ಕುದುರೆ ಬಳೆಗೆ ಕಟ್ಟಿಸಿಕೊಂಡು ಸುಮ್ಮನೆ ನಿಲ್ಲುವ ಪ್ರಾಣಿ. ಲಗಾಮು ಕಟ್ಟಲು ಆ ಬಳೆ ಸಾಕು. ಇವನು ಅದಕ್ಕೆ ಕೆಡವಿದ ಎತ್ತುಗಳನ್ನು ಕಟ್ಟಿದ್ದ, ಪ್ರತಿ ಹಂಗಾಮಿನಲ್ಲಿ, ದಿನವಿಡೀ. ಬಳೆ ಕೂತ ಕಲ್ಲಿನ ಮೇಲೆಯೇ ಕಮಾನಿನ ಪಾದ. ನಾಲು ಬಡಿಯುವಾಗ ಇವನ ತಲೆ ಗೊರಸಿನ ಮೇಲೆ, ಬೆನ್ನು ಕಮಾನಿಗೆ. ತಾನು ಹಗ್ಗ ಜಗ್ಗಿದಾಗ ಮೇಲೆ ಏನಾಗುತ್ತದೆ ಅಂತ ಒಂದು ಸಲವೂ ನೋಡಿರಲಿಲ್ಲ.

"ಎತ್ತಿನ ಕಾಲ ಬಿಚ್ಚು," ಅಂದ.

"ಇನ್ನ ಎರಡ ಕಾಲ ಉಳದಾವ ಭಾವ."

"ಬಿಚ್ಚಂದೆ."

ನನ್ನ ಎತ್ತು ಅರ್ಧ ನಾಲು ಕಟ್ಟಿಕೊಂಡು ಮನೆಗೆ ಹೋಯಿತು. ಬೇರೆ ದಿನವಾಗಿದ್ದರೆ ಜಗಳ ಮಾಡುತ್ತಿದ್ದೆ. ಆ ಮುಖ ನೋಡಿ ಎತ್ತಿನ ಹಗ್ಗ ಹಿಡಿದು ನಡೆದೆ.

ಆ ಮಧ್ಯಾಹ್ನ ಮನೆಯಲ್ಲಿ ನಡೆದದ್ದನ್ನು ಶಹಜಾದಬಿಯೇ ಆಮೇಲೆ ಹೇಳಿದಳು. ಅವಳು ಅಂದಳಂತೆ, ನಾವು ನಾಲ್ಕು ಮಂದಿ ಬಿಟ್ಟರೆ ಯಾರಿಗೂ ಗೊತ್ತಿಲ್ಲ, ಈ ಹಂಗಾಮಾದರೂ ನೆರಳಲ್ಲಿ ಕಳೆಯಲಿ, ಹೇಳಿದರೆ ನಾಳೆ ಬೆಳಿಗ್ಗೆ ಎಲ್ಲಿ ಕೂರುತ್ತೀರಿ ಅಂತ. ಅವನು ರೊಟ್ಟಿ ಮುರಿದು ಹಾಗೇ ಇಟ್ಟು, "ಆ ಪಾಲಬಾವಿಯಂವ ಸಾಮಾನ ಕಟ್ಟಾಕತ್ತಾನಂತ" ಅಂದನಂತೆ. ಎದ್ದು ಟೋಪಿ ಹಾಕಿಕೊಂಡು ನಮ್ಮ ಮನೆಗೆ ಬಂದ.

"ನಡಿ, ವಿರುಪಾಕ್ಷಪ್ಪನ ಕಡೆ. ಸಾಕ್ಷಿಗೆ ನೀ ಬೇಕು. ನಾಳೆ ನಾ ಬ್ಯಾರೇನ ಹೇಳಿದ್ದೆ ಅಂದಾರ."

ವಿರುಪಾಕ್ಷಪ್ಪನವರು ಪಡಸಾಲೆಯಲ್ಲಿ ಕುಳಿತು ದ್ರಾಕ್ಷಿಗೆ ಔಷಧಿ ಹೊಡೆಯುವ ಪಂಪಿನ ಮೂತಿ ಚೊಕ್ಕ ಮಾಡುತ್ತಿದ್ದರು. ಇಬ್ರಾಹಿಮ ಮೆಟ್ಟಿಲ ಮೇಲೆ ನಿಂತೇ ಹೇಳಿದ.

"ಮಾಳೇಶಂದಲ್ಲರಿ. ನಂದ. ನನ್ನ ಹಗ್ಗಕ್ಕ ಕಲ್ಲು ಸರದೈತಿ."

ಅವರು ಮೂತಿ ಊದಿ ನೋಡಿದರು. "ಬಾಳ ಚಲೋ ಹೇಳಿದಿ. ಹಗ್ಗಾ ಬಿಟ್ರ ಬಿರುಕು ನಿಲ್ತೈತಿ, ಕಮಾನ ಇಳಸೂದು ಬ್ಯಾಡ, ಹೌದಲ್ಲ? ಕಮಾನ ಉಳೀಲಿ ಅಂತ ಹೇಳಾಕತ್ತಿ. ಇಲ್ಲಾ, ಮಾಳೇಶ ಕೈಕಾಲ ಬಿದ್ದಿರಬೇಕು."

ಊರಿನ ಎಲ್ಲರನ್ನೂ ಅನುಮಾನಿಸಿದ ಮನುಷ್ಯ, ತನ್ನನ್ನು ಒಬ್ಬರು ಅನುಮಾನಿಸಬಹುದು ಅಂತ ಎಣಿಸಿರಲಿಲ್ಲ. ನನ್ನ ಕಡೆ ನೋಡಿದ.

"ನಾ ಕಣ್ಣಾರೆ ಕಂಡೇನ್ರಿ," ಅಂದೆ.

"ನೀ ಅವನ ದೋಸ್ತ."

"ದೋಸ್ತ ಯಾವ ಮಗಾರಿ. ಇವನ ಜೋಡಿ ಮಾತ ಬಿಟ್ಟೇನಿ ನಾ."

ವಿರುಪಾಕ್ಷಪ್ಪನವರು ಆ ಮಾತಿಗೆ ಸ್ವಲ್ಪ ನಕ್ಕರು. ಇಬ್ರಾಹಿಮ ಅಂಗಿಯ ಜೇಬಿಗೆ ಕೈ ಹಾಕಿ ಬೀಡಿ ಎಲೆಯ ಒಂದು ಸಣ್ಣ ಕಟ್ಟು ತೆಗೆದು ಅವರ ಪಕ್ಕದಲ್ಲಿಟ್ಟ.

"ನನ್ನ ಕೈಲೆ ಬ್ಯಾಡ. ನೀವ ಅಂಟಸ್ರಿ, ನೀವ ನೋಡ್ರಿ. ನೀವು ಸಾಕನ್ನೂತನಕ ನಾ ಆ ಕಡೆ ಹಾಯೂದಿಲ್ಲ. ಮಾಳೇಶಗ ಬೇಕಾದಷ್ಟು ಸಲ ಟ್ರಾಲಿ ತರಾಕ ಹೇಳ್ರಿ."

ಹಂಗಾಮಿನ ನಟ್ಟನಡುವೆ ನಾಲಬಂದ ಮನೆಯಲ್ಲಿ ಕುಳಿತ. ಗಾಡಿಯವರು ಬಂದು ಬೈದು ನಿಪ್ಪಾಣಿಗೆ ಹೋದರು. ವಿರುಪಾಕ್ಷಪ್ಪನವರು ದಿನಾ ಚಷ್ಮಾ ಹಾಕಿಕೊಂಡು ಬಂದು ಎಲೆ ನೋಡುತ್ತಿದ್ದರು. ಮಾಳೇಶ ಹಟಕ್ಕೆ ಬಿದ್ದವನ ಹಾಗೆ ಟ್ರಾಲಿಯನ್ನು ಕಮಾನಿನ ಮೂಗಿನವರೆಗೆ ತಂದು ನಿಲ್ಲಿಸುತ್ತಿದ್ದ. ಎಲೆ ಬಿಸಿಲಿಗೆ ಒಣಗಿ ಅಂಚು ಸುರುಳಿಯಾಯಿತು, ಹರಿಯಲಿಲ್ಲ. ಸಂಕ್ರಾಂತಿಗೆ ಶಹಜಾದಬಿಯ ಕೈಗೆ ಎಳ್ಳು ಬೆಲ್ಲ ಕೊಟ್ಟು ಕಳಿಸಿದ ವಿರುಪಾಕ್ಷಪ್ಪನವರು, ಮರುದಿನ ಗೋಡೆ ಕಟ್ಟುವ ಗವಂಡಿಯನ್ನೂ ಕರೆಸಿದರು. ಗವಂಡಿ ಬಿರುಕಿಗೆ ಕಲ್ಲಿನ ಚಕ್ಕೆ ಬಡಿದು, ಗಾರೆ ತುಂಬಿ, ಇನ್ನು ಯಾರೂ ಜಗ್ಗದಿದ್ದರೆ ಮೊಮ್ಮಕ್ಕಳ ಕಾಲಕ್ಕೂ ನಿಲ್ಲುತ್ತದೆ ಅಂದ. ಮಾಳೇಶನ ಚಾವಿ ಮಾಳೇಶನ ಹತ್ತಿರವೇ ಉಳಿಯಿತು.

"ಬಳಿ ಇರಲಿ, ಶೋಭಾ ಐತಿ," ಅಂದರು ವಿರುಪಾಕ್ಷಪ್ಪನವರು.

"ಬ್ಯಾಡ್ರಿ," ಅಂದ ಇಬ್ರಾಹಿಮ. "ಇದ್ರ ಒಂದಿನ ನಾನ ಕಟ್ಟತೇನಿ. ಕೆಲಸಾ ಜೋರ ಇದ್ದಾಗ ನನ್ನ ಮ್ಯಾಲೆ ನನಗ ಭರವಸಾ ಇಲ್ಲ." ಗರಗಸ ತಂದು ತಾನೇ ಕೊಯ್ದು ತೆಗೆದ.

ಕಮಾನಿನ ಮುಂದಿನ ಬಯಲಲ್ಲಿ ಕೂರಲು ಅಪ್ಪಣೆ ಸಿಕ್ಕಿತು. ಬಯಲೆಂದರೆ ಬಯಲು. ಒಂದು ಗಿಡ ಇಲ್ಲ. ಇಬ್ರಾಹಿಮ ಜಾಲಿಯ ಗೂಟ ನೆಟ್ಟ. ಎರೆಮಣ್ಣು, ಮೊದಲನೆಯ ಎತ್ತು ಜಗ್ಗಿದ ಕೂಡಲೇ ಗೂಟ ಮೂಲಂಗಿಯ ಹಾಗೆ ಕಿತ್ತು ಬಂತು. ಕಬ್ಬಿಣದ ಹಾರೆ ನೆಟ್ಟ, ಅದೂ ಓರೆಯಾಯಿತು. ಇಸ್ರಾರ ಅಥಣಿಗೆ ಹೋಗಿಯಾಗಿತ್ತು. ಅಂದು ನನ್ನ ಎತ್ತಿನ ಉಳಿದ ಎರಡು ಕಾಲು ಬಡಿಸಲು ನಾನು ಹೋಗಿದ್ದೆ. ಕೋಡು ಹಿಡಿಯಲು ನಾನು ಬೇಕು. ಹಗ್ಗ ಹಿಡಿಯಲು ಯಾರೂ ಇಲ್ಲ.

ಮಾಳೇಶ ಟ್ರ್ಯಾಕ್ಟರು ಬಂದ್ ಮಾಡಿ ಇಳಿದು ಬಂದ. ಅಷ್ಟು ದಿನ ಆದರೂ ಅವರಿಬ್ಬರೂ ಒಬ್ಬರಿಗೊಬ್ಬರು ಒಂದು ಮಾತು ಆಡಿರಲಿಲ್ಲ.

"ಕಾಕಾ, ಟ್ರ್ಯಾಕ್ಟರಿನ ಹುಕ್ಕಿಗೆ ಕಟ್ಟು. ಆನಿ ಜಗ್ಗಿದ್ರೂ ಅಳ್ಳಾಡೂದಿಲ್ಲ."

"ನೀ ಚಾಲೂ ಮಾಡಿಬಿಟ್ರ?"

"ಚಾವಿ ನೀ ಇಟಗೋ."

"ಇನ್ನೊಂದು ಚಾವಿ ಇರತೈತಿ."

ಮಾಳೇಶ ನನ್ನ ಕಡೆ ನೋಡಿದ. ನಾನು ಎತ್ತಿನ ಕೋಡು ಇನ್ನೂ ಬಿಗಿಯಾಗಿ ಹಿಡಿದೆ. ಮಾಳೇಶ ಚಪ್ಪಲಿ ಬಿಟ್ಟು, ನೆಲದ ಮೇಲೆ ಬಿದ್ದಿದ್ದ ಹಗ್ಗದ ತುದಿ ಎತ್ತಿ ಸೊಂಟಕ್ಕೆ ಒಂದು ಸುತ್ತು ಹಾಕಿಕೊಂಡ. ಹಿಮ್ಮಡಿ ಮಣ್ಣಿಗೆ ಊರಿ ಹಿಂದಕ್ಕೆ ವಾಲಿ ನಿಂತ.

"ಕೆಡವು ಕಾಕಾ."

ಎತ್ತು ಮಗ್ಗುಲಾಯಿತು. ಝಾಡಿಸಿತು. ಮಾಳೇಶ ಒಂದು ಹೆಜ್ಜೆ ಮುಂದೆ ಬಂದ, ಮತ್ತೆ ಹಿಮ್ಮಡಿ ಊರಿದ, ನಿಂತ. ಇಬ್ರಾಹಿಮ ಸುತ್ತಿಗೆ ಹಿಡಿದುಕೊಂಡು ಅವನ ಕೈ ನೋಡಿದ, ಸೊಂಟದ ಸುತ್ತು ನೋಡಿದ, ಮುಖ ನೋಡಿದ. ನೋಡುತ್ತಲೇ ಇದ್ದ. ಕೊನೆಗೆ ಬೆನ್ನು ತಿರುಗಿಸಿ ಗೊರಸಿನ ಮುಂದೆ ಕುಕ್ಕರಗಾಲಲ್ಲಿ ಕುಳಿತ. ಒಂದು ಮೊಳೆ ಹೊಡೆದ.

"ಮಾಳೇಶ."

"ಹಾಂ."

"ಅಲ್ಲೇ ಅದಿಯಿಲ್ಲೊ?"

"ಇಲ್ಲೇ ಅದೇನಿ."

ಇನ್ನೊಂದು ಮೊಳೆ.

"ಮಾಳೇಶ."

"ಅದೇನಿ ಕಾಕಾ."

ಮೂರನೆಯದಕ್ಕೂ ಕರೆದ. ಮಾಳೇಶನ ಹಣೆಯಿಂದ ಬೆವರು ಇಳಿಯುತ್ತಿತ್ತು. ನನ್ನ ಕಡೆ ಕಣ್ಣು ಮಿಟುಕಿಸಿ ಹೇಳಿದ, "ಇಲ್ಲ ಕಾಕಾ. ಬೀಡಿ ಸೇದಾಕ ಹೋಗೇನಿ."

ಇಬ್ರಾಹಿಮನ ಸುತ್ತಿಗೆ ಮೇಲೆಯೇ ನಿಂತಿತು. ತಿರುಗಿ ನೋಡುತ್ತಾನೆ ಅಂದುಕೊಂಡೆ. ತಿರುಗಲಿಲ್ಲ. "ನನಗೂ ಒಂದ ತಗೊಂಬಾ," ಅಂದು ಮೊಳೆ ಹೊಡೆದ.